ಗುಣ ನಡತೆ: ತೃಪ್ತಿಕರ

ಈ ನಾಡಿನಲ್ಲಿ ಕೆಟ್ಟ ನಡತೆಯವರು ಒಬ್ಬರೂ ಇಲ್ಲ. ಅನುಮಾನವಿದ್ದರೆ ಯಾರದಾದರೂ ಶಾಲೆಯ ಟಿಸಿ ತೆಗೆದು ನೋಡಿ. 'ಗುಣ ಮತ್ತು ನಡತೆ' ಎಂಬ ಸಾಲಿನ ಎದುರು ಮುಖ್ಯೋಪಾಧ್ಯಾಯರು 'ತೃಪ್ತಿಕರ' ಎಂದು ಬರೆದು ಸೀಲು ಒತ್ತಿರುತ್ತಾರೆ. ಅವರ ಸೈಕಲ್ಲಿನ ಗಾಳಿ ಬಿಟ್ಟವನದೂ ತೃಪ್ತಿಕರ, ಬಿಟ್ಟಿದ್ದನ್ನು ನೋಡಿಯೂ ಬಾಯಿ ಬಿಡದವನದೂ ತೃಪ್ತಿಕರ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಗೆಜೆಟೆಡ್ ಅಧಿಕಾರಿಯೊಬ್ಬರು ಹಸಿರು ಶಾಯಿಯಲ್ಲಿ 'ಇವರನ್ನು ನಾನು ಮೂರು ವರ್ಷಗಳಿಂದ ಬಲ್ಲೆ, ಇವರು ಸನ್ನಡತೆಯುಳ್ಳವರು' ಎಂದು ಸಹಿ ಹಾಕಿಕೊಡುತ್ತಾರೆ. ಆ ಮೂರು ವರ್ಷದ ಪರಿಚಯ ಶುರುವಾಗಿ ಮುಗಿಯುವುದು ಪ್ಯೂನು ಬಾಗಿಲು ತೆಗೆದು ಮುಚ್ಚುವಷ್ಟರಲ್ಲಿ. ಜೈಲುಗಳಲ್ಲಿ ಇರುವವರ ಟಿಸಿಗಳನ್ನೆಲ್ಲ ಒಟ್ಟು ಹಾಕಿದರೆ ತೃಪ್ತಿಯ ಅಂಥ ಭಂಡಾರ ಬೇರೆಲ್ಲೂ ಸಿಗಲಿಕ್ಕಿಲ್ಲ.

ಕಾನೂನೂ ಹೆಡ್‌ಮಾಸ್ತರಷ್ಟೇ ಮರ್ಯಾದಸ್ಥ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 47 ಹೇಳುತ್ತದೆ: ಕ್ರಿಮಿನಲ್ ವಿಚಾರಣೆಯಲ್ಲಿ ಆರೋಪಿ ಒಳ್ಳೆಯವನು ಎಂಬುದು ಪ್ರಸ್ತುತ. ಸೆಕ್ಷನ್ 49 ಹೇಳುತ್ತದೆ: ಆರೋಪಿ ಕೆಟ್ಟವನು ಎಂಬುದು ಅಪ್ರಸ್ತುತ. ಹೊಸ ಬಾಟಲಿಗೆ ತುಂಬಿದ ಈ ಸಾಲುಗಳು 1872ರ ಹಳೆಯ ಕಾಯಿದೆಯ 53 ಮತ್ತು 54. ಕದ್ದವನು ಹಿಂದೆ ಹತ್ತು ಸಲ ಕದ್ದಿದ್ದಾನೆ ಎಂಬುದು ಹನ್ನೊಂದನೆಯದನ್ನೂ ಅವನೇ ಕದ್ದ ಎಂಬುದಕ್ಕೆ ಸಾಕ್ಷಿಯಾಗದು. ಈ ಬೀಗಕ್ಕೆ ಒಂದು ಕೀಲಿಕೈ ಇದೆ, ಅದೂ ಆರೋಪಿಯ ಕೈಯಲ್ಲೇ. ತಾನು ಸಜ್ಜನನೆಂದು ಅವನು ಸಾಕ್ಷ್ಯ ಕೊಟ್ಟನೋ, ಪ್ರಾಸಿಕ್ಯೂಟರು ಅವನ ಪೂರ್ವೋತ್ತರವನ್ನೆಲ್ಲ ಕಟ್ಟು ಬಿಚ್ಚಿ ಓದಬಹುದು. ಅದಕ್ಕೇ ಅನುಭವಿ ವಕೀಲರು ಕಕ್ಷಿದಾರನ ಕಿವಿಯಲ್ಲಿ ಹೇಳುವುದು: "ಏನಾದ್ರೂ ಹೇಳು ಮಾರಾಯ, ನಾನು ಒಳ್ಳೆಯವನು ಅಂತ ಮಾತ್ರ ಹೇಳಬೇಡ." ಆತ್ಮಸ್ತುತಿ ಪಾಪವೆಂದು ನಮ್ಮ ಹಿರಿಯರು ಬಾಯಲ್ಲಿ ಹೇಳಿದರು, ಸಾಕ್ಷ್ಯ ಕಾಯಿದೆ ಅದಕ್ಕೊಂದು ಸೆಕ್ಷನ್ ಕೊಟ್ಟಿತು.

ಇದು ಕೋರ್ಟಿನ ಕಾಯಿದೆ. ಊರಿನದು ಬೇರೆ, ಅದರಲ್ಲಿ ಇರುವುದು ಒಂದೇ ಸೆಕ್ಷನ್: ಹುಟ್ಟುಗುಣ ಸುಟ್ಟರೂ ಹೋಗದು. ವಿವರಣೆ ಇಲ್ಲ, ಅಪವಾದ ಇಲ್ಲ, ಮೇಲ್ಮನವಿ ಇಲ್ಲ. ಸುಟ್ಟ ಮೇಲೂ ಹೋಗದ್ದಕ್ಕೆ ಕಾಲಮಿತಿ ಎಲ್ಲಿಂದ ಬರಬೇಕು? ತೋಟದಲ್ಲಿ ಬಾಳೆಗೊನೆ ಕಾಣೆಯಾದರೆ ಊರು ಗೊನೆಯನ್ನು ಹುಡುಕುವುದಿಲ್ಲ, ಕಳೆದ ಸಲ ಸಿಕ್ಕಿಬಿದ್ದವನ ಮನೆಯನ್ನು ಹುಡುಕುತ್ತದೆ. ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ಕತೆ ನಮಗೆಲ್ಲ ಗೊತ್ತು. ಹೆಗಲು ಮುಟ್ಟಿಕೊಳ್ಳದಿದ್ದರೂ ಬೈಸಿಕೊಳ್ಳುವವನದು ಯಾರೂ ಹೇಳಿಟ್ಟಿಲ್ಲ.

ಕೋರ್ಟಿನ ಕಾಯಿದೆ ಬರೆದವನು ಊರಿನ ಕಾಯಿದೆ ಓದಿರಲಿಲ್ಲ ಎಂದುಕೊಳ್ಳಬೇಡಿ. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ 1869ರಿಂದ 1872ರವರೆಗೆ ವೈಸ್‌ರಾಯ್ ಮಂಡಲಿಯ ಕಾನೂನು ಸದಸ್ಯ. 1872ರಲ್ಲಿ ಅವನ ಸಾಕ್ಷ್ಯ ಕಾಯಿದೆ ಬಂತು: ಒಬ್ಬ ಮನುಷ್ಯ ಕೆಟ್ಟವನು ಎಂಬುದು ಅಪ್ರಸ್ತುತ. ಅದರ ಹಿಂದಿನ ವರ್ಷ, 1871ರಲ್ಲಿ, ಅವನು ಅದೇ ಕುರ್ಚಿಯಲ್ಲಿ ಕೂತಿದ್ದಾಗಲೇ ಕ್ರಿಮಿನಲ್ ಬುಡಕಟ್ಟುಗಳ ಕಾಯಿದೆ ಬಂದಿತ್ತು: ಇಡೀ ಒಂದು ಜಾತಿ ಹುಟ್ಟಾ ಕೆಟ್ಟದ್ದು ಎಂದು ಸರ್ಕಾರ ಗೆಜೆಟ್ಟಿನಲ್ಲಿ ಘೋಷಿಸಬಹುದು. ಒಬ್ಬನ ಹತ್ತು ಕಳ್ಳತನ ಲೆಕ್ಕಕ್ಕಿಲ್ಲ, ಆದರೆ ಅವನ ಅಜ್ಜನ ಕುಲ ಲೆಕ್ಕಕ್ಕಿದೆ. ಬಿಡಿಯಾಗಿ ಕೊಂಡರೆ ನಿಷೇಧ, ಸಗಟಿನಲ್ಲಿ ಕೊಂಡರೆ ಸರ್ಕಾರವೇ ಅಂಗಡಿ.

ಬಿಡಿ ವ್ಯಾಪಾರದ ನಿಷೇಧವಾದರೂ ಗಟ್ಟಿಯಾಗಿತ್ತೇ? ಮೂಲ ಸೆಕ್ಷನ್ 54, ಕೆಟ್ಟ ನಡತೆ ಅಪ್ರಸ್ತುತ ಎಂದ ಉಸಿರಿನಲ್ಲೇ ಹಿಂದೆ ಶಿಕ್ಷೆಯಾಗಿದ್ದರೆ ಅದು ಪ್ರಸ್ತುತ ಎಂದಿತ್ತು. ಮುಂಬಾಗಿಲಿಗೆ ಅಗಳಿ, ಹಿತ್ತಿಲ ಬಾಗಿಲು ಹಾರೊಡೆದದ್ದು. 1891ರಲ್ಲಿ ಯಾರಿಗೋ ಇದು ಹೊಳೆದು ತಿದ್ದುಪಡಿ ಆಯಿತು.

ಸಗಟು ವ್ಯಾಪಾರಕ್ಕೆ ಮಾತ್ರ ಇಷ್ಟು ಬೇಗ ಬಾಗಿಲು ಬೀಳಲಿಲ್ಲ. 1911ರಲ್ಲಿ ಬುಡಕಟ್ಟುಗಳ ಕಾಯಿದೆ ಇನ್ನಷ್ಟು ಅಗಲವಾಯಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ಜನರನ್ನು ತಂತಿಬೇಲಿಯ ವಸಾಹತುಗಳಲ್ಲಿಟ್ಟು ಹಾಜರಿ ಕರೆಯುತ್ತಿದ್ದರು. ಹೊರಗೆ ಹೋಗಬೇಕಾದರೆ ಪಾಸು. ಹುಬ್ಬಳ್ಳಿಯಲ್ಲೂ ಗದಗದಲ್ಲೂ ಇವತ್ತಿಗೂ ಆ ಜಾಗಗಳಿಗೆ 'ಸೆಟ್ಲಮೆಂಟ್' ಎಂದೇ ಹೆಸರು. ಆಟೋದವರಿಗೆ ಹೇಳಿದರೆ ನೇರ ಕರೆದೊಯ್ಯುತ್ತಾರೆ. 1952ರ ಆಗಸ್ಟ್ 31ರಂದು ಆ ಜನ 'ವಿಮುಕ್ತ'ರಾದರು. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ ಅವರದೂ ಬಂತು. ಬೆನ್ನಿಗೇ ರಾಜ್ಯಗಳು 'ರೂಢಿಗತ ಅಪರಾಧಿ'ಗಳ ಕಾಯಿದೆಗಳನ್ನು ಮಾಡಿಕೊಂಡವು, ನಮ್ಮದು 1961ರದು. ಜಾತಿಯ ಹೆಸರು ಅಳಿಯಿತು, ರಿಜಿಸ್ಟರು ಉಳಿಯಿತು. 2024ರ ಅಕ್ಟೋಬರಿನಲ್ಲಿ ಜೈಲು ಕೈಪಿಡಿಗಳಲ್ಲಿನ ಜಾತಿತಾರತಮ್ಯವನ್ನು ಹೊಡೆದುಹಾಕುವಾಗಲೂ ಸುಪ್ರೀಂ ಕೋರ್ಟು, ವಿಮುಕ್ತ ಸಮುದಾಯದವರನ್ನು ಮನಸ್ಸಿಗೆ ಬಂದಂತೆ ಬಂಧಿಸಬೇಡಿ ಎಂದು ಪೊಲೀಸರಿಗೆ ಬಿಡಿಸಿ ಹೇಳಬೇಕಾಯಿತು. ಬಿಡುಗಡೆಯಾಗಿ 72 ವರ್ಷ ಕಳೆದಿತ್ತು.

ಹಾಗಾದರೆ ಹಳೆಯ ಚರಿತ್ರೆ ಎಂದೂ ಏನನ್ನೂ ಹೇಳುವುದೇ ಇಲ್ಲವೇ? ಹೇಳುತ್ತದೆ, ಅದನ್ನು ಒಪ್ಪದಿದ್ದರೆ ಈ ಬರಹ ವಕೀಲಿಯಾದೀತು. ಇಂಗ್ಲೆಂಡಿನ ಜಾರ್ಜ್ ಜೋಸೆಫ್ ಸ್ಮಿತ್ ಎಂಬವನ ಹೆಂಡತಿ 1912ರಲ್ಲಿ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಳು. ಪಾಪ, ಮೂರ್ಛೆ ಬಂದಿರಬೇಕು. 1913ರಲ್ಲಿ ಇನ್ನೊಬ್ಬ ಹೆಂಡತಿ, ಇನ್ನೊಂದು ಊರಿನ ತೊಟ್ಟಿಯಲ್ಲಿ. 1914ರಲ್ಲಿ ಮೂರನೆಯವಳು. ಪ್ರತಿ ಸಲವೂ ಹೆಂಡತಿಯ ದುಡ್ಡು ಗಂಡನಿಗೆ ಬರುವ ಏರ್ಪಾಡು ಮೊದಲೇ ಆಗಿತ್ತು. ಮೂರನೆಯ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಎರಡನೆಯವಳ ತಂದೆಗೆ ಅನುಮಾನ ಬಂತು. ವಿಚಾರಣೆ ನಡೆದದ್ದು ಮೊದಲನೆಯವಳ ಕೊಲೆಗೆ ಮಾತ್ರ. ಉಳಿದ ಎರಡು ತೊಟ್ಟಿಗಳೂ ಸಾಕ್ಷಿಯಾಗಿ ಬಂದವು. 1915ರಲ್ಲಿ ಗಲ್ಲಾಯಿತು. ಇಲ್ಲಿ ಯಾರೂ 'ಸ್ಮಿತ್ ಕೆಟ್ಟವನು, ಆದ್ದರಿಂದ ಕೊಂದ' ಎನ್ನಲಿಲ್ಲ. ಒಬ್ಬನೇ ಗಂಡನಿಗೆ ಮೂರು ಸಲ ಇಂಥ ಆಕಸ್ಮಿಕ ಆಗುತ್ತದೆಯೇ ಎಂದಷ್ಟೇ ಕೇಳಿದರು. ನಮ್ಮ ಸಾಕ್ಷ್ಯ ಕಾಯಿದೆಯಲ್ಲೂ ಇದೇ ಲೆಕ್ಕದ ಒಂದು ಉದಾಹರಣೆ ಇದೆ: ಒಬ್ಬ ಒಂದಾದ ಮೇಲೊಂದು ಮನೆಯಲ್ಲಿ ವಾಸ ಮಾಡುತ್ತಾನೆ, ಪ್ರತಿಯೊಂದಕ್ಕೂ ವಿಮೆ ಮಾಡಿಸುತ್ತಾನೆ, ಪ್ರತಿಯೊಂದಕ್ಕೂ ಬೆಂಕಿ ಬೀಳುತ್ತದೆ, ಪ್ರತಿ ಸಲ ಬೇರೆ ಕಂಪನಿ ಹಣ ಕೊಡುತ್ತದೆ. ಬೆಂಕಿ ತಾನಾಗಿ ಬಿದ್ದದ್ದಲ್ಲ ಎನ್ನಲು ಹಿಂದಿನ ಬೆಂಕಿಗಳು ಪ್ರಸ್ತುತ. ಮನೆ ಸುಟ್ಟರೂ ಹೋಗದ ಗುಣ ಎಂದರೆ ಇದೇ. ಇದಕ್ಕೆ ಯಾರ ತಕರಾರೂ ಇಲ್ಲ.

ನಡೆದ ಕೃತ್ಯಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆಯೇ ಎಂದು ನೋಡುವುದು ಒಂದು, ಮನುಷ್ಯ ಇಂಥವನೇ ಎಂದು ಮೊದಲೇ ತೀರ್ಮಾನಿಸಿ ಕೃತ್ಯವನ್ನು ಅವನಿಗೆ ಹೊಂದಿಸುವುದು ಇನ್ನೊಂದು. ಎರಡರ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಆ ಎಳೆಯ ಮೇಲೆ ನಡೆದು ಬೇಸತ್ತ ಇಂಗ್ಲೆಂಡು 2003ರ ಕ್ರಿಮಿನಲ್ ಜಸ್ಟಿಸ್ ಕಾಯಿದೆಯಲ್ಲಿ ಗೋಡೆಗೆ ಒಟ್ಟಿಗೇ ಏಳು ಬಾಗಿಲು ಇಟ್ಟಿತು. ಇವನಿಗೆ ಇಂಥ ಅಪರಾಧದ ಚಾಳಿ ಇದೆ ಎಂದು ತೋರಿಸಲೂ ಅವುಗಳಲ್ಲೊಂದರಿಂದ ಒಳಗೆ ಬರಬಹುದು. ಬಾಗಿಲು ತೆರೆದದ್ದು 2004ರ ಡಿಸೆಂಬರಿನಲ್ಲಿ; 2005ಕ್ಕೇ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಬಡಕಲು ಕೇಸಿಗೆ ಆರೋಪಿಯ ಹಳೆಯ ಪಾಪಗಳನ್ನು ಊರುಗೋಲು ಮಾಡಬೇಡಿ ಎಂದು ಎಚ್ಚರಿಸಬೇಕಾಯಿತು. ಆದರೂ ಆ ದೇಶಕ್ಕೆ ಒಂದು ಶಹಬ್ಬಾಸ್ ಸಲ್ಲಬೇಕು. ಅವರು ಬಾಗಿಲು ಎಂದು ಬೋರ್ಡು ಹಾಕಿ ಬಾಗಿಲು ತೆರೆದರು. ನಾವು ಗೋಡೆ ಎಂದು ಬೋರ್ಡು ಹಾಕಿ ಗೋಡೆಯನ್ನೇ ಕಟ್ಟಲಿಲ್ಲ.

ಕೋರ್ಟು ಹಾಲಿನೊಳಗೇ ನೋಡಿ. ಹಿಂದೆ ಶಿಕ್ಷೆಯಾದವನಿಗೆ ಹೆಚ್ಚಿನ ಶಿಕ್ಷೆ ಕೊಡಿಸಬೇಕಾದರೆ ಆ ಹಳೆಯ ಶಿಕ್ಷೆಯನ್ನು ದಿನಾಂಕ, ಸ್ಥಳ ಸಮೇತ ಕೋರ್ಟು ಹೊರಿಸುವ ದೋಷಾರೋಪದಲ್ಲೇ ಬರೆಯಬೇಕು. ಆದರೆ ಆರೋಪಿ ಈ ಕೇಸಿನಲ್ಲಿ ತಪ್ಪಿತಸ್ಥನೆಂದು ತೀರ್ಪಾಗುವವರೆಗೆ ಅದನ್ನು ಗಟ್ಟಿಯಾಗಿ ಓದುವಂತಿಲ್ಲ. ಇಂಗ್ಲೆಂಡಿನಲ್ಲಿ ಇಂಥ ನಿಯಮಕ್ಕೆ ಅರ್ಥವಿತ್ತು: ಹನ್ನೆರಡು ಮಂದಿ ಜ್ಯೂರಿಗಳ ಕಿವಿಗೆ ಬೀಳಬಾರದು. ನಮ್ಮಲ್ಲಿ 1973ರ ದಂಡಪ್ರಕ್ರಿಯಾ ಸಂಹಿತೆಯ ಹೊತ್ತಿಗೆ ಜ್ಯೂರಿಗಳು ಮನೆಗೆ ಹೋಗಿಯಾಗಿತ್ತು, ನಿಯಮ ಮಾತ್ರ ಬೆಂಚಿನ ಮೇಲೆ ಕೂತೇ ಇತ್ತು. ಈಗ ಆ ಸಾಲನ್ನು ಬರೆಯುವವರು ನ್ಯಾಯಾಧೀಶರು, ಸಹಿ ಹಾಕುವವರು ನ್ಯಾಯಾಧೀಶರು, ಯಾರ ಕಿವಿಗೆ ಬೀಳದಂತೆ ಕಾಪಾಡುತ್ತಿದ್ದೇವೋ ಆ ಕಿವಿಯೂ ನ್ಯಾಯಾಧೀಶರದೇ. ತಾವೇ ಬರೆದದ್ದನ್ನು ತಮಗೇ ಗೊತ್ತಾಗದಂತೆ ನೋಡಿಕೊಳ್ಳುವ ಯೋಗಸಾಧನೆ ಇದು. ತರಬೇತಿ ಪಡೆದ ಮನಸ್ಸಿಗೆ ಸಾಧ್ಯ ಎನ್ನುತ್ತಾರೆ. ಇರಬಹುದು.

ನಗು ನಿಲ್ಲುವ ಪುಟವೊಂದು 1872ರ ಆ ಸಾಕ್ಷ್ಯ ಕಾಯಿದೆಯಲ್ಲೇ ಇತ್ತು. ಆರೋಪಿಯ ಕೆಟ್ಟ ನಡತೆ ಅಪ್ರಸ್ತುತ ಎಂದು 54ರಲ್ಲಿ ಬರೆದ ಕಾಯಿದೆ 155ಕ್ಕೆ ಬರುವಷ್ಟರಲ್ಲಿ ಮರೆತುಬಿಟ್ಟಿತು, ಅಥವಾ ಚೆನ್ನಾಗಿ ನೆನಪಿಟ್ಟುಕೊಂಡಿತು. ಅತ್ಯಾಚಾರದ ಕೇಸಿನಲ್ಲಿ ದೂರು ಕೊಟ್ಟ ಹೆಂಗಸು 'ಸಾಮಾನ್ಯವಾಗಿ ಅನೀತಿಯ ನಡತೆಯವಳು' ಎಂದು ತೋರಿಸಿ ಅವಳ ಮಾತನ್ನು ತಳ್ಳಿಹಾಕಬಹುದು ಎಂದಿತು ಅದರ ನಾಲ್ಕನೆಯ ಉಪವಿಧಿ. ಅವನ ಮೇಲೆ ಇಂಥವೇ ಹತ್ತು ದೂರುಗಳಿದ್ದರೂ ಅದು ಅವನ ಖಾಸಗಿ ಸಂಗತಿ; ಅವಳು ಯಾರೊಂದಿಗೆ ಸಿನಿಮಾಕ್ಕೆ ಹೋಗಿದ್ದಳು ಎಂಬುದು ಸಾರ್ವಜನಿಕ ದಾಖಲೆ. ಅವನು ಕಟಕಟೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದ, ಪಾಟೀ ಸವಾಲಿನಲ್ಲಿ ಬೇಯುತ್ತಿದ್ದವಳು ಅವಳು. ವಿಚಾರಣೆ ಯಾರದು ಎಂದು ಹೊರಗಿನಿಂದ ಬಂದವರಿಗೆ ತಿಳಿಯುವಂತಿರಲಿಲ್ಲ.

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಸಿದ ಆರೋಪ ಇಬ್ಬರು ಪೊಲೀಸರ ಮೇಲೆ ಬಂತು. ಸೆಷನ್ಸ್ ನ್ಯಾಯಾಲಯ ಹುಡುಗಿಗೆ ಲೈಂಗಿಕ ಸಂಪರ್ಕ ರೂಢಿಯಾಗಿತ್ತು ಎಂದು ಗಮನಿಸಿ ಪೊಲೀಸರನ್ನು ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು, ಬೀದಿಗೆ ಹೆಂಗಸರು ಬಂದರು, 1983ರಲ್ಲಿ ಅತ್ಯಾಚಾರದ ಕಾನೂನು ಬದಲಾಯಿತು. 155ರ ಆ ನಾಲ್ಕನೆಯ ಉಪವಿಧಿ ಮಾತ್ರ ಅಲ್ಲಾಡಲಿಲ್ಲ. ಅದು ಹೋದದ್ದು 2002ರ ತಿದ್ದುಪಡಿಯಲ್ಲಿ, 130 ವರ್ಷ ಸೇವೆ ಸಲ್ಲಿಸಿ. ಸರ್ಕಾರಿ ನೌಕರರಲ್ಲಿ ಯಾರಿಗೂ ಅಷ್ಟು ಸರ್ವಿಸ್ ಸಿಕ್ಕಿಲ್ಲ.

ನಿವೃತ್ತಿಯ ನಂತರವೂ ಅದು ಗೌರವ ಸೇವೆಯಲ್ಲಿ ಇತ್ತೆನ್ನಿ. ಆಸ್ಪತ್ರೆಗಳಲ್ಲಿ 'ಎರಡು ಬೆರಳಿನ ಪರೀಕ್ಷೆ' ಮಾಡಿ ವೈದ್ಯಕೀಯ ವರದಿಯಲ್ಲಿ 'ರೂಢಿ ಇದೆ', 'ರೂಢಿ ಇಲ್ಲ' ಎಂದು ಬರೆಯುವ ಪದ್ಧತಿ ನಡೆದೇ ಇತ್ತು. 2013ರಲ್ಲಿ ಸಂತ್ರಸ್ತೆಯ ಹಿಂದಿನ ಲೈಂಗಿಕ ಅನುಭವ ಸಮ್ಮತಿಯ ಪ್ರಶ್ನೆಗೆ ಅಪ್ರಸ್ತುತ ಎಂಬ ಸೆಕ್ಷನ್ 53ಎ ಬಂತು. ಅದೇ ವರ್ಷ ಸುಪ್ರೀಂ ಕೋರ್ಟು ಆ ಪರೀಕ್ಷೆ ಹೆಂಗಸಿನ ಘನತೆಗೆ ಧಕ್ಕೆ ಎಂದಿತು. 2022ರ ಅಕ್ಟೋಬರಿನಲ್ಲಿ ಅದೇ ಕೋರ್ಟು, ಇನ್ನೂ ಮಾಡುವವರನ್ನು ದುರ್ನಡತೆಗೆ ಹೊಣೆ ಮಾಡುತ್ತೇವೆ ಎನ್ನಬೇಕಾಯಿತು. ಹೆಂಗಸಿನ ನಡತೆ ಅಳೆಯಲು ಹೊರಟವರಿಗೆ ಕೊನೆಗೂ ದುರ್ನಡತೆಯ ಪಟ್ಟ ಸಿಕ್ಕಿತು. ಈ ಇಡೀ ಇತಿಹಾಸದಲ್ಲಿ ನ್ಯಾಯದೇವತೆ ಮಾಡಿದ ಒಂದೇ ಜೋಕು ಅದು.

ಇನ್ನು ಠಾಣೆಗೆ ಬನ್ನಿ. ಕೋರ್ಟಿನಲ್ಲಿ ಅಪ್ರಸ್ತುತವಾದದ್ದು ಇಲ್ಲಿ ಬಂಡವಾಳ. ರೌಡಿ ಶೀಟು ಎಂಬ ಗ್ರಂಥಕ್ಕೆ ಓದುಗರು ಕಡಿಮೆ, ಪಾತ್ರಗಳು ಬಹಳ. ಹೆಸರು ಸೇರಿಸುವುದು ಪೆನ್ನಿನ ಕೆಲಸ, ತೆಗೆಸುವುದು ತಪಸ್ಸಿನ ಕೆಲಸ. ಗಣೇಶನ ಹಬ್ಬ ಬಂತೋ, ಚುನಾವಣೆ ಬಂತೋ, ಮೈದಾನದಲ್ಲಿ ರೌಡಿ ಪರೇಡು. ಟಿವಿ ಕ್ಯಾಮೆರಾಗಳ ಎದುರು ಸಾಹೇಬರು ಸಾಲಿನುದ್ದಕ್ಕೂ ನಡೆಯುತ್ತಾ ವಿಚಾರಿಸುತ್ತಾರೆ: "ಏನೋ ಇದು ಕೂದಲು? ಕಿವಿಯಲ್ಲೇನೋ ಓಲೆ? ಬಟನ್ ಹಾಕೋ." ಸಾಕ್ಷ್ಯಶಾಸ್ತ್ರದ ಈ ಶಾಖೆಯಲ್ಲಿ ನಡತೆ ಎಂಬುದು ಕುತ್ತಿಗೆಯ ಮೇಲೆ ಬೆಳೆಯುತ್ತದೆ, ಕ್ಷೌರದಿಂದ ಸುಧಾರಿಸುತ್ತದೆ. ಪರೇಡಿನಲ್ಲಿ ಮೀಸೆ ಬೆಳ್ಳಗಾದವರೂ ಇರುತ್ತಾರೆ. ಯೌವನದಲ್ಲಿ ಹೊಡೆದಾಡಿದ್ದರು, ಈಗ ಮೊಮ್ಮಗಳನ್ನು ಶಾಲೆಗೆ ಬಿಟ್ಟು ನೇರ ಮೈದಾನಕ್ಕೆ ಬಂದು ನಿಂತಿರುತ್ತಾರೆ. ಏರಿಯಾದಲ್ಲಿ ಮೊಬೈಲು ಕಳುವಾದರೂ ಮೊದಲ ಫೋನು ಹೋಗುವುದು ಹಳೆಯ ಕೇಸಿನವರ ಮನೆಗೆ. ಸದಾಚಾರದ ಮುಚ್ಚಳಿಕೆ ಬರೆಸಿಕೊಳ್ಳುವುದು ಬೇರೆ. ಇನ್ನು ಮುಂದೆ ಒಳ್ಳೆಯವನಾಗಿರುತ್ತೇನೆ ಎಂದು ಜಾಮೀನುದಾರರ ಸಮೇತ ಬರೆದುಕೊಡಬೇಕು. ಅಂಥ ಮುಚ್ಚಳಿಕೆಯನ್ನು ನಮ್ಮಲ್ಲಿ ಎಷ್ಟು ಮಂದಿ ಧೈರ್ಯವಾಗಿ ಬರೆದುಕೊಟ್ಟೇವು?

ದೆಹಲಿ ಪೊಲೀಸರು ಇಂಥವರನ್ನು ನೇರವಾಗಿ 'ಬ್ಯಾಡ್ ಕ್ಯಾರೆಕ್ಟರ್' ಎಂದೇ ದಾಖಲೆಯಲ್ಲಿ ಕರೆಯುತ್ತಾರೆ. ಅಲ್ಲಿನ ಶಾಸಕರೊಬ್ಬರ ಹಿಸ್ಟರಿ ಶೀಟಿನಲ್ಲಿ ಅವರ ಚಿಕ್ಕ ವಯಸ್ಸಿನ ಮಕ್ಕಳ ವಿವರವೂ ಸೇರಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಮೇ ತಿಂಗಳಲ್ಲಿ ಕೋರ್ಟು ಅದೊಂದು ಕೇಸಿಗೆ ನಿಲ್ಲದೆ, ಹಿಂದುಳಿದ, ಪರಿಶಿಷ್ಟ ಸಮುದಾಯಗಳ ಅಮಾಯಕರ ಹೆಸರನ್ನು ಯಾಂತ್ರಿಕವಾಗಿ ಇಂಥ ಶೀಟುಗಳಿಗೆ ಏರಿಸದಂತೆ ನೋಡಿಕೊಳ್ಳಿ ಎಂದು ರಾಜ್ಯಗಳತ್ತಲೂ ತಿರುಗಿತು. 1871ರ ಶಾಯಿ ಇಷ್ಟು ಗಟ್ಟಿ ಎಂದು ಸ್ಟೀಫನ್‌ಗೂ ಗೊತ್ತಿರಲಿಕ್ಕಿಲ್ಲ.

ಠಾಣೆಯಿಂದ ಜಾಮೀನಿನ ಹಂತ. ಆರೋಪಿಯ ನಡತೆ, ವರ್ತನೆ, ಅನುಕೂಲ, ಸ್ಥಾನಮಾನ ಇವನ್ನೆಲ್ಲ ಜಾಮೀನು ಕೊಡುವಾಗ ತೂಗಬೇಕು ಎಂದು ಸುಪ್ರೀಂ ಕೋರ್ಟು 2010ರ ತೀರ್ಪಿನಲ್ಲಿ ಪಟ್ಟಿ ಮಾಡಿದೆ. ತರ್ಕ ಸರಿಯೇ. ಹೊರಗೆ ಬಿಟ್ಟರೆ ಸಾಕ್ಷಿಗಳನ್ನು ಬೆದರಿಸುವವನೋ ಅಲ್ಲವೋ ಎಂದು ನೋಡಬೇಕಲ್ಲ. ಆದರೆ ಫಲ ಏನು? ವಿಚಾರಣೆಯಲ್ಲಿ ಅಪ್ರಸ್ತುತವಾಗುವ ಹಳೆಯ ಕೇಸು ವಿಚಾರಣೆ ಶುರುವಾಗುವ ಮೊದಲೇ ತನ್ನ ಕೆಲಸ ಮುಗಿಸಿರುತ್ತದೆ. ವರ್ಷಗಟ್ಟಲೆ ಒಳಗಿದ್ದವನು ಕೊನೆಗೆ ಖುಲಾಸೆಯಾಗಿ ಬಂದರೆ, ತೀರ್ಪಿನಲ್ಲಿ ಅವನ ಪೂರ್ವಚರಿತ್ರೆಯ ಒಂದು ಅಕ್ಷರವೂ ಇರುವುದಿಲ್ಲ. ಎಷ್ಟು ನಿಷ್ಪಕ್ಷಪಾತ! ಅಷ್ಟರಲ್ಲಿ ಆ ಕೇಸೂ ಅವನ ಪೂರ್ವಚರಿತ್ರೆಗೆ ಸೇರಿ ಮುಂದಿನ ಜಾಮೀನು ಅರ್ಜಿಗೆ ಕಾಯುತ್ತಿರುತ್ತದೆ.

ಪೂರ್ವಚರಿತ್ರೆಯನ್ನು ಮೈಮೇಲೆ ಹೊತ್ತುಕೊಂಡೂ ಕುಗ್ಗದ ಒಂದು ವರ್ಗವಿದೆ. ಚುನಾವಣೆಗೆ ನಿಲ್ಲುವವರು ತಮ್ಮ ಕ್ರಿಮಿನಲ್ ಕೇಸುಗಳನ್ನು ಅಫಿಡವಿಟ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು, ಪತ್ರಿಕೆ ಮತ್ತು ಟಿವಿಗಳಲ್ಲಿ ಕನಿಷ್ಠ ಮೂರು ಸಲ ಪ್ರಕಟಿಸಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಂಥವರಿಗೇ ಟಿಕೆಟ್ ಏಕೆ ಎಂದು ಪಕ್ಷಗಳು ಕಾರಣ ಕೊಡಬೇಕು, 'ಗೆಲ್ಲುತ್ತಾರೆ' ಎಂಬುದು ಕಾರಣವಲ್ಲ ಎಂದು 2020ರಲ್ಲಿ ಸೇರಿಸಿತು. ಬಡಪಾಯಿ ಪಕ್ಷಗಳ ಬಳಿ ಇದ್ದ ಒಂದೇ ನಿಜವಾದ ಕಾರಣವನ್ನೂ ಕೋರ್ಟು ಕಿತ್ತುಕೊಂಡಿತು. ಈಗ 'ಜನಾನುರಾಗಿ', 'ಸಮಾಜ ಸೇವಕರು', 'ರಾಜಕೀಯ ದ್ವೇಷದ ಕೇಸುಗಳು' ಎಂದು ಬರೆಯುತ್ತಾರೆ. 2022ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲೇ ರೌಡಿ ಪಟ್ಟಿಯವರು ಪಕ್ಷದ ವೇದಿಕೆ ಹತ್ತಿದ ಗದ್ದಲ ನಡೆದಾಗ ನಾಯಕರು ಕೇಳಿದ್ದು ಅವರ ಪಕ್ಷದಲ್ಲಿ ಎಷ್ಟಿದ್ದಾರೆ, ನಮ್ಮ ಪಕ್ಷದಲ್ಲಿ ಎಷ್ಟಿದ್ದಾರೆ ಎಂಬ ಲೆಕ್ಕವನ್ನು. ಮೈದಾನದಲ್ಲಿ ಸಾಲಾಗಿ ನಿಂತವನಿಗೆ ಬಾಕಿ ಕೇಸು ಎಂದರೆ ಕಳಂಕ, ವೇದಿಕೆಯ ಮೇಲೆ ಕೂತವನಿಗೆ ಹೋರಾಟದ ಹಿನ್ನೆಲೆ. ಇಬ್ಬರ ಟಿಸಿಯಲ್ಲೂ ನಡತೆ ತೃಪ್ತಿಕರವೇ. ಕೂದಲು ಮಾತ್ರ ಒಬ್ಬನದಷ್ಟೇ ಕತ್ತರಿಸುತ್ತಾರೆ.

ಸೆಕ್ಷನ್ 49 ನ್ಯಾಯಾಧೀಶರನ್ನು ಕಟ್ಟಿಹಾಕುತ್ತದೆಯೇ ಹೊರತು ನಿಮ್ಮ ಮನೆಯ ಸೋಫಾವನ್ನಲ್ಲ. ಸಂಜೆ ಏಳರ ಸುದ್ದಿಯಲ್ಲಿ ಮುಖಕ್ಕೆ ಬಟ್ಟೆ ಸುತ್ತಿದವನೊಬ್ಬನನ್ನು ಜೀಪಿಗೆ ಹತ್ತಿಸುವುದನ್ನು ತೋರಿಸುತ್ತಾರೆ. ಕೆಳಗೆ ಕೆಂಪು ಪಟ್ಟಿಯಲ್ಲಿ 'ಈತನ ಮೇಲೆ ಈ ಹಿಂದೆಯೂ ಹಲವು ಪ್ರಕರಣ' ಎಂದು ಓಡುತ್ತದೆ. ಕಾಫಿ ಆರುವ ಮೊದಲೇ ನಾವು ತೀರ್ಪು ಬರೆದುಬಿಡುತ್ತೇವೆ, ಸಾಮಾನ್ಯವಾಗಿ ಗಲ್ಲು. ಮುಂದಿನ ಸಲ ಆ ಪಟ್ಟಿ ಓಡುವಾಗ ಒಂದು ಪ್ರಶ್ನೆ ಕೇಳಿ: ಆ ಹಲವು ಪ್ರಕರಣಗಳಲ್ಲಿ ಎಷ್ಟು ಸಾಬೀತಾದವು? ಆ್ಯಂಕರು ಉತ್ತರ ಕೊಡುವುದಿಲ್ಲ. ಪಕ್ಕದಲ್ಲಿ ಕೂತವರನ್ನಾದರೂ ಕೇಳಿ.